ಹಿಂದಿನ ಕುರ್ಚಿಯಲ್ಲಿ ಯಾರು?

ರೋಹಿಣಿ ಈಸ್ಟ್ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ನಮ್ಮ ಪಾಕೆಟ್ಟಿನ ಗೇಟಿಗೆ ಹನ್ನೆರಡು ನಿಮಿಷದ ನಡಿಗೆ. ವರ್ಷಗಟ್ಟಲೆ ಸವೆಸಿದ ದಾರಿ, ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತೇನೆ. ಮೊನ್ನೆ ಹಾಸನದಿಂದ ಬಂದ ಅಕ್ಕನ ಮಗಳು ಅದೇ ದಾರಿಯಲ್ಲಿ ನಾನು ಒಮ್ಮೆಯೂ ಓದದ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಬಂದಳು. ನೀಟ್ ಕೋಚಿಂಗಿನ ಮೇಲಿನ ಮಹಡಿಯಲ್ಲಿ ‘ಸೈಕೋಥೆರಪಿಸ್ಟ್’. ಹೋಮಿಯೋಪತಿ ಕ್ಲಿನಿಕ್ಕಿನ ಬಗಲಲ್ಲಿ ‘ಚೈಲ್ಡ್ ಕೌನ್ಸೆಲರ್’. ಬ್ಯೂಟಿ ಪಾರ್ಲರಿನ ಗಾಜಿನ ಮೇಲೆಯೇ ‘ಮೈಂಡ್ ಹೀಲರ್, ಲೈಫ್ ಕೋಚ್’. ಗೇಟು ಮುಟ್ಟುವಷ್ಟರಲ್ಲಿ ಐದಾಯಿತು.

“ಚಿಕ್ಕಮ್ಮ, ಇವರೆಲ್ಲ ಏನು ಓದಿರ್ತಾರೆ?” ಅಂದಳು.

ಸುಮ್ಮನೆ ಕೇಳಿದ ಮಾತಲ್ಲ. ಮೈಸೂರಿನಲ್ಲಿ ಬಿ.ಎ. ಮನಃಶಾಸ್ತ್ರ ಮುಗಿಸಿ, ಸಿಯುಇಟಿ ಬರೆದು, ಥೆರಪಿಸ್ಟ್ ಆಗುತ್ತೇನೆಂದು ಹಟ ಹಿಡಿದು ದೆಹಲಿಗೆ ಬಂದಿದ್ದಾಳೆ. ಕೈಯಲ್ಲೊಂದು ಇನ್ನೂರು ಪುಟದ ನೋಟ್‌ಬುಕ್. ಅದರಲ್ಲಿ ಹನ್ನೊಂದು ಕೋರ್ಸುಗಳ ಪಟ್ಟಿ. ಎದುರಿಗೆ ಫೀಜು, ಹಾಸ್ಟೆಲು, ಕೆಲಸ ಸಿಗುವ ಭರವಸೆ ಎಂದು ಮೂರು ಕಾಲಂ. ಅಚ್ಚುಕಟ್ಟಾದ ಪಟ್ಟಿ. ಇರಬೇಕಾದ ಕಾಲಂ ಒಂದು ಮಾತ್ರ ಇರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವಳ ಪ್ರಶ್ನೆ.

ಇವರು ಏನು ಓದಿರುತ್ತಾರೆ? ಏನನ್ನೂ ಓದಿರಬಹುದು. ‘ಥೆರಪಿಸ್ಟ್’ ಎಂಬ ಪದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಕಾವಲಿಲ್ಲ. ಕೌನ್ಸೆಲರ್ ಎಂಬುದಕ್ಕೆ ಬ್ರಿಟನ್ನಿನಲ್ಲೂ ಇಲ್ಲ, ಅದರಲ್ಲಿ ನಾವೇನೂ ಒಂಟಿಯಲ್ಲ. ಮನೋವೈದ್ಯ ಎಂದರೆ ಎಂ.ಬಿ.ಬಿ.ಎಸ್. ಆದಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು, ಮಾತ್ರೆ ಬರೆಯುವ ಹಕ್ಕು ಅವರದು. ಅಲ್ಲಿಗೆ ಗೊಂದಲವಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಿಡಿಸಿ ಹೇಳಿದೆ: ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಸಂಸ್ಥೆಯಿಂದ, ಒಪ್ಪಿದ ಪದವಿ ಪಡೆದವರು. ಆ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿಲ್ಲದೆ ವೃತ್ತಿ ನಡೆಸಿದರೆ 1992ರ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಸಜೆ, ಅಥವಾ ಒಂದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ! ರೋಹಿಣಿಯಲ್ಲಿ ಅರ್ಧ ಗಂಟೆ ಮಾತಾಡಿಸುವುದಕ್ಕೆ ಅದಕ್ಕಿಂತ ಹೆಚ್ಚು ವಸೂಲಿ ಮಾಡುವವರಿದ್ದಾರೆ.

ಇನ್ನುಳಿದವರು, ಅಂದರೆ ಕ್ಲಿನಿಕಲ್ ಅಲ್ಲದ ಮನಶ್ಶಾಸ್ತ್ರಜ್ಞರು, ಸಮಾಲೋಚಕರು, ಸಮಾಜಕಾರ್ಯದವರು, ಬಹುಕಾಲ ಯಾವ ಸೂರಿನಡಿಯೂ ಇರಲಿಲ್ಲ. 2021ರಲ್ಲಿ ಬಂದ ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇವರನ್ನೆಲ್ಲ ಒಳಗೆ ಸೇರಿಸಿಕೊಂಡಿತು. ಹಾಗಾಗಿ ಈಗ ಮನಸ್ಸಿಗೆ ಇಬ್ಬರು ಯಜಮಾನರು. ಕ್ಲಿನಿಕಲ್ ಎಂಬ ವಿಶೇಷಣ ಅಂಟಿಕೊಂಡರೆ ಸಾಮಾಜಿಕ ನ್ಯಾಯ ಸಚಿವಾಲಯದ ಕೆಳಗಿನ ಪರಿಷತ್ತು, ಅಂಟಿಕೊಳ್ಳದಿದ್ದರೆ ಆರೋಗ್ಯ ಸಚಿವಾಲಯದ ಕೆಳಗಿನ ಆಯೋಗ. ದುಃಖವನ್ನು ಹೀಗೆ ಇಲಾಖಾವಾರು ಹಂಚುವ ಕಲೆ ದೆಹಲಿಗೆ ಮಾತ್ರ ಗೊತ್ತು.

ನಮ್ಮ ಹುಡುಗಿಗೆ ಇಷ್ಟು ಹೇಳಿದ ಮೇಲೆ ಅವಳ ಹನ್ನೊಂದು ಕೋರ್ಸುಗಳಲ್ಲಿ ಎರಡಕ್ಕೆ ಅಡ್ಡಗೆರೆ ಎಳೆದೆವು. ಎರಡೂ ದೂರಶಿಕ್ಷಣದವು. ನಮ್ಮಂಥ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ, ಇಲ್ಲೇ ಮೈದಾನ್ ಗಢಿಯಲ್ಲಿರುವ ಇಗ್ನೋದ ಎಂ.ಎ. ಸೈಕಾಲಜಿ ಕಟ್ಟಿ ಎರಡನೇ ಬದುಕು ಆರಂಭಿಸಿದ್ದರು. 2025ರ ಆಗಸ್ಟಿನಲ್ಲಿ ಯುಜಿಸಿ ಆ ಬಾಗಿಲು ಮುಚ್ಚಿತು. 2021ರ ಕಾಯ್ದೆಯೊಳಗೆ ಬರುವ ಆರೋಗ್ಯ ಸಂಬಂಧಿ ವಿಷಯಗಳನ್ನು, ಮನಃಶಾಸ್ತ್ರವೂ ಸೇರಿ, ಯಾವ ವಿಶ್ವವಿದ್ಯಾಲಯವೂ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸುವಂತಿಲ್ಲ ಎಂದಿತು. ನಮ್ಮ ಪಾಕೆಟ್ಟಿನಲ್ಲೇ ಇಬ್ಬರು ಕೈಕೈ ಹಿಸುಕಿಕೊಂಡರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ. ಅಂಚೆಯಲ್ಲಿ ಬಂದ ಪುಸ್ತಕ ಫ್ರಾಯ್ಡ್ ಏನಂದ ಎಂದು ಹೇಳಬಹುದು. ಎದುರಿಗೆ ಕೂತ ಹೆಂಗಸು ಮಾತಿನ ಮಧ್ಯೆ ಸೆರಗನ್ನು ಬಾಯಿಗೆ ಒತ್ತಿಕೊಂಡಾಗ ಸುಮ್ಮನಿರಬೇಕೋ ಮಾತಾಡಬೇಕೋ ಎಂಬುದನ್ನು ಅದು ಕಲಿಸಲಾರದು.

ಅದನ್ನು ಕಲಿಸುವವರು ಯಾರು? ಅಲ್ಲಿಗೆ ಬಂದೆ ನೋಡಿ ಬಿಟ್ಟುಹೋದ ಕಾಲಂಗೆ.

ನಾನು ಈ ವೃತ್ತಿಯವಳಲ್ಲ. ದೆಹಲಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಶಾಲೆಗೆ ಒಬ್ಬ ಎಳೆಯ ಕೌನ್ಸೆಲರ್ ಬಂದಿದ್ದಳು. ಎಂ.ಎ.ಯಲ್ಲಿ ಒಳ್ಳೆಯ ಅಂಕ, ಮಕ್ಕಳ ಮೇಲೆ ಅಕ್ಕರೆ. ಹತ್ತನೇ ತರಗತಿಯ ಹುಡುಗನೊಬ್ಬ ತಾನು ವಾರದಿಂದ ನಿದ್ದೆ ಮಾಡಿಲ್ಲ, ಮನೆಗೆ ಹೋಗಲು ಭಯ ಎಂದು ಅವಳ ಮುಂದೆ ಹೇಳಿಕೊಂಡ. ಅವಳು ಗಾಬರಿಯಾಗಿ ಆ ಸಂಜೆಯೇ ತಂದೆಗೆ ಫೋನ್ ಮಾಡಿದಳು. ಮರುದಿನ ಹುಡುಗನ ಕೆನ್ನೆ ಊದಿತ್ತು. ಅವನು ಮತ್ತೆಂದೂ ಆ ಕೋಣೆಯ ಕಡೆ ಸುಳಿಯಲಿಲ್ಲ. ಸ್ಟಾಫ್‌ರೂಮಿನಲ್ಲಿ ಅವಳು ಅತ್ತದ್ದು ಇನ್ನೂ ನೆನಪಿದೆ. “ನಾನು ಯಾರನ್ನ ಕೇಳಬೇಕಿತ್ತು ಮೇಡಂ?” ಅಂದಳು. ಅವಳಿಗೆ ಕೇಳಲು ಯಾರೂ ಇರಲಿಲ್ಲ. ಓದುವಾಗಲೂ ಇರಲಿಲ್ಲವಂತೆ. ಎರಡು ವರ್ಷದ ಎಂ.ಎ.ಯಲ್ಲಿ ‘ಇಂಟರ್ನ್‌ಶಿಪ್’ ಎಂದು ಒಂದು ತಿಂಗಳು ಆಸ್ಪತ್ರೆಯೊಂದರಲ್ಲಿ ಕಡತ ಜೋಡಿಸಿ ಪ್ರಮಾಣಪತ್ರ ತಂದಿದ್ದಳು.

ಈ ವಿದ್ಯೆ ಸಂಗೀತದಂತೆ. ಶಿಷ್ಯೆ ಹಾಡುವಾಗ ಗುರು ಎದುರಿಗಿರಬೇಕು, ಅಪಸ್ವರ ಬಂದ ಕಡೆ ತೊಡೆ ತಟ್ಟಿ ನಿಲ್ಲಿಸಬೇಕು. ಒಳ್ಳೆಯ ತರಬೇತಿಯಿರುವ ಕಡೆ ವಿದ್ಯಾರ್ಥಿ ರೋಗಿಯೊಂದಿಗೆ ಮಾತಾಡುವಾಗ ಹಿರಿಯರೊಬ್ಬರು ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಅಥವಾ ಅದೇ ದಿನ ಆ ಮಾತುಕತೆಯನ್ನು ಸಾಲುಸಾಲಾಗಿ ಒಪ್ಪಿಸಬೇಕಾಗುತ್ತದೆ: ಇಲ್ಲೇಕೆ ಮಾತು ಬದಲಿಸಿದೆ, ಇಲ್ಲೇಕೆ ಸಮಾಧಾನ ಹೇಳಲು ಅವಸರಪಟ್ಟೆ. ಸೂಪರ್‌ವಿಶನ್ ಎಂದು ಅವರು ಕರೆಯುವುದು ಇದನ್ನೇ, ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಕಾಲಂ ಕೂಡ ಇದೇ. 2017ರ ಕಾಯ್ದೆ ಎಂ.ಫಿಲ್. ಬಗ್ಗೆ ಹೇಳುವಾಗಲೂ ಎರಡು ವರ್ಷ ಪೂರ್ಣಾವಧಿ, ಹಿರಿಯರ ಮೇಲ್ವಿಚಾರಣೆಯ ತರಬೇತಿ ಎಂದು ಒತ್ತಿ ಹೇಳಿದೆ.

ಆ ವ್ಯಾಖ್ಯೆಯೊಳಗೆ ನಮ್ಮವರಿಗೊಂದು ಹೆಮ್ಮೆಯ ಸಂಗತಿ ಅಡಗಿದೆ. ‘ಕ್ಲಿನಿಕಲ್ ಸೈಕಾಲಜಿ ಅಥವಾ ಮೆಡಿಕಲ್ ಅಂಡ್ ಸೋಶಿಯಲ್ ಸೈಕಾಲಜಿ’ ಎಂದಿದೆ ಅಲ್ಲಿ. ಈ ಎರಡನೆಯ ಹೆಸರು ಬೆಂಗಳೂರಿನದು. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮರುವರ್ಷವೇ ಮನಶ್ಶಾಸ್ತ್ರಜ್ಞರಿಗೆಂದು ಡಿಪ್ಲೊಮಾ ಆರಂಭವಾಯಿತು. ದೇಶದಲ್ಲಿ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರನ್ನು ತಯಾರು ಮಾಡುವ ಪದ್ಧತಿಗೆ ಅದೇ ಬುನಾದಿ. 1974ರಲ್ಲಿ ಆ ಸಂಸ್ಥೆಯೂ ಹಳೆಯ ಮೈಸೂರು ರಾಜ್ಯದ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಅದಕ್ಕೂ ಹಿಂದೆ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ತೆರೆದಿತ್ತು. ಭಾರತದಲ್ಲಿ ಕಲ್ಕತ್ತೆಯ ನಂತರ ಎರಡನೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಬಿತ್ತರಿಸಿ ‘ಆಕಾಶವಾಣಿ’ಗೆ ಚಾಲನೆ ಕೊಟ್ಟ ಮನುಷ್ಯ. ಜನ ಅವರನ್ನು ರೇಡಿಯೊಗಾಗಿ ನೆನೆಯುತ್ತಾರೆ, ಮನಃಶಾಸ್ತ್ರಕ್ಕಾಗಿ ನೆನೆಯುವವರು ಕಡಿಮೆ. ‘ಶರಪಂಜರ’ ಬರೆದ ತ್ರಿವೇಣಿಯವರು ಮೈಸೂರಿನಲ್ಲೇ ಮನಃಶಾಸ್ತ್ರ ಓದಿದವರು. ಹೆರಿಗೆಯ ನಂತರ ಹೆಂಗಸಿನ ಮನಸ್ಸು ಕೆಡಬಹುದು, ಗುಣವೂ ಆಗಬಹುದು ಎಂದು ನಮ್ಮ ಅಮ್ಮಂದಿರಿಗೆ ಮೊದಲು ತಿಳಿದದ್ದು ಯಾವ ಡಾಕ್ಟರರಿಂದಲೂ ಅಲ್ಲ, ಆ ಕಾದಂಬರಿಯಿಂದ.

ಇಂಥ ಊರಿನಿಂದ ಬಂದವಳು ಮನಃಶಾಸ್ತ್ರ ಕಲಿಯಲು ದೆಹಲಿಗೇ ಏಕೆ ಬರಬೇಕು ಎಂದು ನಾನೂ ಕೇಳಿದೆ. “ಅಲ್ಲೂ ಅರ್ಜಿ ಹಾಕೀನಿ, ಇಲ್ಲೂ ನೋಡ್ತೀನಿ” ಅಂದಳು. ಸರಿ, ನೋಡಲಿ ಎಂದು ಒಂದು ಬೆಳಿಗ್ಗೆ ಕೆಂಪು ಗೆರೆಯ ಮೆಟ್ರೊ ಹತ್ತಿದೆವು.

ಈ ಗೆರೆಗೆ ಒಂದು ವಿಚಿತ್ರವಿದೆ. ದೆಹಲಿ ಮೆಟ್ರೊ 2002ರಲ್ಲಿ ಮೊದಲು ಓಡಿದ್ದೇ ಇದರ ಮೇಲೆ, ಶಾಹದರಾದಿಂದ ತೀಸ್ ಹಜಾರಿವರೆಗೆ. ರೋಹಿಣಿಗೆ ಬಂದದ್ದು 2004ರಲ್ಲಿ. ಥೆರಪಿಸ್ಟ್ ಆಗಬೇಕೆನ್ನುವವರಿಗೆ ದೆಹಲಿಯಲ್ಲಿ ಇರುವ ಹಾದಿಗಳಲ್ಲಿ ಹಲವು ಈ ಗೆರೆಗೆ ಜೋತುಬಿದ್ದಿವೆ. ಕಾಶ್ಮೀರಿ ಗೇಟಿನಲ್ಲಿ ಇಳಿದರೆ ಅಂಬೇಡ್ಕರ್ ವಿಶ್ವವಿದ್ಯಾಲಯ. ಅಲ್ಲಿಯ ಎಂ.ಎ. ಮನೋವಿಶ್ಲೇಷಣೆಯ ಕಡೆ ವಾಲಿದ್ದು, ರೋಗಲಕ್ಷಣಕ್ಕಿಂತ ಮನುಷ್ಯನ ಕತೆಗೆ ಕಿವಿಗೊಡುವಂಥದು. ಆ ಪರಂಪರೆಯಲ್ಲಿ ಚಿಕಿತ್ಸಕನಾಗುವವನು ಮೊದಲು ತಾನೇ ಚಿಕಿತ್ಸೆಗೆ ಕೂರಬೇಕು. ಕಾಶ್ಮೀರಿ ಗೇಟಿನಲ್ಲೇ ಹಳದಿ ಗೆರೆಗೆ ಬದಲಿಸಿ ಮೂರು ನಿಲ್ದಾಣ ಹೋದರೆ ದೆಹಲಿ ವಿಶ್ವವಿದ್ಯಾಲಯ: ಒಂದು ಕಡೆ ಮನಃಶಾಸ್ತ್ರ ವಿಭಾಗ, ಇನ್ನೊಂದು ಕಡೆ 1946ರಲ್ಲಿ ಹುಟ್ಟಿದ ಸಮಾಜಕಾರ್ಯ ಶಾಲೆ. ಎಂ.ಎಸ್.ಡಬ್ಲ್ಯೂ. ಮಾಡಿ ಮನೋವೈದ್ಯಕೀಯ ಸಮಾಜಕಾರ್ಯದ ಕಡೆ ಹೊರಳುವ ಹಾದಿಯನ್ನು ನಮ್ಮವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಸೋಶಿಯಲ್ ವರ್ಕ್’ ಎಂದರೆ ಕಂಬಳಿ ಹಂಚುವುದು ಎಂದುಕೊಂಡುಬಿಟ್ಟಿದ್ದೇವೆ. ಆದರೆ ರೋಗಿಯ ಮನೆಗೆ ಹೋಗಿ, ಅತ್ತೆಯ ಜೊತೆ ಮಾತಾಡಿ, ಕೆಲಸ ಕಳೆದುಕೊಂಡ ಗಂಡನನ್ನು ಕೂರಿಸಿಕೊಂಡು, ಕುಟುಂಬವನ್ನೇ ಚಿಕಿತ್ಸೆಯೊಳಗೆ ತರುವವರು ಅವರೇ. ನನ್ನ ಪಟ್ಟಿಯಾಗಿದ್ದರೆ ಅದನ್ನು ಮೇಲೆ ಬರೆಯುತ್ತಿದ್ದೆ.

ಯಮುನೆ ದಾಟಿ ಮುಂದೆ ಹೋದರೆ ದಿಲ್‌ಶಾದ್ ಗಾರ್ಡನ್. ಅಲ್ಲಿ ಇಹ್‌ಬಾಸ್. 1966ರಲ್ಲಿ ಶಾಹದರಾದ ಮಾನಸಿಕ ಆಸ್ಪತ್ರೆಯಾಗಿ ಆರಂಭವಾದದ್ದು. ಅಲ್ಲಿನ ದುಃಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟಿನವರೆಗೂ ದೂರು ಹೋಗಿ, ನ್ಯಾಯಾಲಯದ ನಿರ್ದೇಶನದ ಮೇಲೆ 1993ರಲ್ಲಿ ಈಗಿನ ರೂಪದ ಸಂಸ್ಥೆಯಾಯಿತು. ಇಲ್ಲಿಯ ಎಂ.ಫಿಲ್. ಕ್ಲಿನಿಕಲ್ ಸೈಕಾಲಜಿಗೆ ಸೀಟು ಬೆರಳೆಣಿಕೆ, ಅರ್ಜಿ ರಾಶಿ. ಹೊರರೋಗಿ ವಿಭಾಗದ ಮುಂದೆ ಬೆಳಿಗ್ಗೆ ಒಂಬತ್ತಕ್ಕೇ ಸಾಲು. ಲೋನಿಯಿಂದ, ಬುಲಂದ್‌ಶಹರ್‌ನಿಂದ ಬಂದವರು. ತಲೆಯ ಮೇಲೆ ಸೆರಗು, ಕೈಯಲ್ಲಿ ಮಡಚಿ ಮಡಚಿ ಹರಿದುಹೋದ ಚೀಟಿ. ನಮ್ಮ ಹುಡುಗಿ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂತಳು. ನೋಟ್‌ಬುಕ್ ತೆರೆಯಲಿಲ್ಲ.

ವಾಪಸು ಬರುವಾಗ ಅವಳ ಮುಖ ಸಣ್ಣದಾಗಿತ್ತು. “ಅವರು ಮಾತಾಡಿದ್ದು ಅರ್ಧ ಅರ್ಥ ಆಗ್ಲಿಲ್ಲ ಚಿಕ್ಕಮ್ಮ” ಅಂದಳು. ದೂರದರ್ಶನದ ಹಿಂದಿ ಅವಳಿಗೆ ಬರುತ್ತದೆ. ಆದರೆ ಪಕ್ಕದ ಹೆಂಗಸು ವೈದ್ಯರಿಗೆ ಏನು ಹೇಳಬೇಕೆಂದು ಮಗನಿಗೆ ಒಪ್ಪಿಸುತ್ತಿದ್ದಳಂತೆ: ‘ಘಬರಾಹಟ್’, ‘ಉಲ್ಝನ್’, ‘ದಿಲ್ ಬೈಠಾ ಜಾತಾ ಹೈ’. ಪಠ್ಯಪುಸ್ತಕದಲ್ಲಿ ಇದಕ್ಕೆಲ್ಲ ಆಂಕ್ಸೈಟಿ ಎಂಬ ಒಂದೇ ಪದ. ನಮ್ಮಲ್ಲಾದರೂ ಅಷ್ಟೇ ತಾನೇ? ಹಾಸನದ ಅಜ್ಜಿ ‘ಸಂಕಟ ಆಗ್ತದೆ’ ಅಂದರೆ ಹೊಟ್ಟೆ ತೊಳಸುವುದೂ ಇರಬಹುದು, ಸತ್ತ ಮಗನ ನೆನಪೂ ಇರಬಹುದು. ‘ಎದೆ ಹೊಡ್ಕೊಳ್ತದೆ’ ಎನ್ನುವವಳು, ‘ಮನಸ್ಸಿಗೆ ನೆಮ್ಮದಿ ಇಲ್ಲ’ ಎನ್ನುವವಳು, ‘ಯಾಕೋ ಬ್ಯಾಸರ’ ಎನ್ನುವವಳು ಒಂದೇ ರೋಗ ಹೇಳುತ್ತಿಲ್ಲ. ಡಾ. ಸಿ.ಆರ್. ಚಂದ್ರಶೇಖರ್ ಅವರು ನಿಮ್ಹಾನ್ಸ್‌ನಲ್ಲಿದ್ದುಕೊಂಡು ಕನ್ನಡದಲ್ಲಿ ನೂರಾರು ಪುಸ್ತಕ ಬರೆದದ್ದು, ಮನಸ್ಸಿನ ಕಾಯಿಲೆಗೆ ಮನೆಮಾತಿನಲ್ಲೇ ಪದ ಹುಡುಕಿದ್ದು ಸಣ್ಣ ಕೆಲಸವಲ್ಲ. ಎಂ.ಎ. ತರಗತಿಗಳು ನಡೆಯುವುದು ಇಂಗ್ಲಿಷಿನಲ್ಲಿ. ಅಳು ಬರುವುದು ಬೇರೆ ಭಾಷೆಯಲ್ಲಿ. ಹಾಗಾಗಿ ಪಟ್ಟಿಗೆ ಇನ್ನೊಂದು ಕಾಲಂ ಬೇಕಾಯಿತು: ಅಲ್ಲಿಗೆ ಬರುವ ರೋಗಿ ಯಾವ ಮಾತಾಡುತ್ತಾನೆ?

ಕನ್ನಡದ ಒಂದು ಪದ ನನಗೆ ಯಾವಾಗಲೂ ಸೋಜಿಗ. ಹಿಂದಿಯವರು ಕೌನ್ಸೆಲಿಂಗ್‌ಗೆ ಪರಾಮರ್ಶ್ ಎಂದು ಸುಮ್ಮನಾದರು. ನಾವು ‘ಆಪ್ತಸಮಾಲೋಚನೆ’ ಎಂದೆವು, ಆಪ್ತ ಎಂಬುದನ್ನು ಮುಂದೆ ಸೇರಿಸಿ. ವೃತ್ತಿಯ ನಿಯಮವೋ ತಿರುಗಾಮುರುಗಾ: ಸಮಾಲೋಚಕ ಆಪ್ತನಾಗಿರಕೂಡದು. ಅಕ್ಕನ ಮಗಳಿಗೆ, ಪಕ್ಕದ ಮನೆಯವಳಿಗೆ, ತನ್ನ ಸಹೋದ್ಯೋಗಿಗೆ ಚಿಕಿತ್ಸೆ ಕೊಡಬಾರದು. ಆಪ್ತರಲ್ಲ ಎಂಬುದಕ್ಕೇ ಜನ ಅಲ್ಲಿ ಬಾಯಿ ಬಿಡುತ್ತಾರೆ. ನಮ್ಮ ಸಂಬಂಧಿಕರಲ್ಲಿ ಮಾತ್ರ ಈಗಾಗಲೇ ಸುದ್ದಿ ಹಬ್ಬಿದೆ, ಇವಳ ಫೋನಿಗೆ ಸೊಸೆಯ ದೂರುಗಳು ಬರತೊಡಗಿವೆ.

ಎಂ.ಫಿಲ್. ಸೀಟು ಸಿಕ್ಕರೆ ಸಾಕು ಎಂದು ಹರಕೆ ಹೊರುತ್ತಿದ್ದ ಕಾಲವೂ ಮುಗಿಯುತ್ತ ಬಂತು. ಬಿ.ಎ. ಮೂರು ವರ್ಷ, ಎಂ.ಎ. ಎರಡು, ಎಂ.ಫಿಲ್. ಎರಡು, ಒಟ್ಟು ಏಳು ವರ್ಷ ಎಂಬುದು ಇದುವರೆಗಿನ ರಾಜಮಾರ್ಗ. ಹೊಸ ಶಿಕ್ಷಣ ನೀತಿ ಎಂ.ಫಿಲ್. ಎಂಬ ಪದವಿಯನ್ನೇ ತೆಗೆದುಹಾಕಿತು. 2022ರ ನವೆಂಬರಿನಲ್ಲಿ ಯುಜಿಸಿ ಅದನ್ನು ನಿಯಮದಲ್ಲೂ ಬರೆಯಿತು. ಕ್ಲಿನಿಕಲ್ ಸೈಕಾಲಜಿಯವರೂ ಮನೋವೈದ್ಯಕೀಯ ಸಮಾಜಕಾರ್ಯದವರೂ ಹಾಗಾದರೆ ನಮ್ಮ ಗತಿಯೇನು ಎಂದಾಗ, 2024ರ ಜನವರಿಯಲ್ಲಿ ಆ ಎರಡಕ್ಕೆ ಮಾತ್ರ 2025-26ರವರೆಗೆ ವಿನಾಯಿತಿ ಸಿಕ್ಕಿತು. ಅದರ ಜಾಗಕ್ಕೆ ಪುನರ್ವಸತಿ ಪರಿಷತ್ತು ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್, ಕ್ಲಿನಿಕಲ್ ಸೈಕಾಲಜಿಯದೇ ಎಂ.ಎ., ಸೈ.ಡಿ. ಇವನ್ನು ತರುತ್ತಿದೆ. ಇಲ್ಲೇ ಮೋಸಹೋಗುವ ಸಂಭವ ಹೆಚ್ಚು. ‘ಎಂ.ಎ. ಕ್ಲಿನಿಕಲ್ ಸೈಕಾಲಜಿ’ ಎಂದು ಕರಪತ್ರದಲ್ಲಿ ಅಚ್ಚಾದ ಮಾತ್ರಕ್ಕೆ ಅದು ಪರಿಷತ್ತು ಒಪ್ಪಿದ ಎಂ.ಎ. ಆಗುವುದಿಲ್ಲ. ಒಂದೇ ಹೆಸರಿನ ಎರಡು ಪದವಿಗಳಲ್ಲಿ ಒಂದರಿಂದ ನೋಂದಣಿ ಸಿಗುತ್ತದೆ, ಇನ್ನೊಂದರಿಂದ ಗೋಡೆಗೆ ಚೌಕಟ್ಟು ಸಿಗುತ್ತದೆ. ಪರಿಷತ್ತು ಮನ್ನಣೆ ಕೊಡುವುದು ಸಂಸ್ಥೆಗೆ, ಅದೂ ಇಂತಿಷ್ಟು ವರ್ಷಕ್ಕೆಂದು. ಹೋದ ವರ್ಷ ಇತ್ತು ಎಂದರೆ ಈ ವರ್ಷ ಇದೆ ಎಂದಲ್ಲ. ಕಾಲೇಜಿನವರ ಬಾಯಿಮಾತು ಬೇಡ, ಪರಿಷತ್ತಿನ ಪಟ್ಟಿಯಲ್ಲೇ ಆ ವರ್ಷದ ಹೆಸರು ನೋಡಬೇಕು.

ಹಾಗೆಂದು ಎಲ್ಲರೂ ಕ್ಲಿನಿಕಲ್ಲಿಗೇ ಮುಗಿಬೀಳಬೇಕಿಲ್ಲ. ಆಸ್ಪತ್ರೆಯ ತೀವ್ರ ಕಾಯಿಲೆಗಳ ಜೊತೆ ಕೆಲಸ ಮಾಡುವ ಮನಸ್ಸಿದ್ದರೆ, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರ ಬೇಕಿದ್ದರೆ ಅದು. ಶಾಲೆ, ಕಾಲೇಜು, ದಾಂಪತ್ಯ, ದುಃಖ, ಕೆಲಸದ ಒತ್ತಡ ಇವುಗಳ ನಡುವೆ ಇರಬೇಕೆನ್ನುವವರಿಗೆ ಕೌನ್ಸೆಲಿಂಗ್ ಸೈಕಾಲಜಿಯೇ ಸರಿ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ, ಮಾಂಟ್‌ಫೋರ್ಟ್ ಕಾಲೇಜಿನಲ್ಲಿ ಅದಕ್ಕೆಂದೇ ಸ್ನಾತಕೋತ್ತರ ಪದವಿಯಿದೆ. ಕೆಲಸಕ್ಕೇನೂ ಬರವಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಾದ ಒಬ್ಬ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯದವರನ್ನೋ ನೇಮಿಸಿಕೊಳ್ಳಲೇಬೇಕೆಂದಿತು. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ. ಅವರಲ್ಲಿ ಬಹುಪಾಲು ಜನ ಯಾರ ಬಾಗಿಲನ್ನೂ ತಟ್ಟಿಲ್ಲ. ನಮ್ಮ ರೋಹಿಣಿಯಲ್ಲೇ, ಸೆಕ್ಟರ್ 1ರಲ್ಲಿ, ಬುದ್ಧಿಮಾಂದ್ಯರಿಗಾಗಿ ಸರ್ಕಾರ ನಡೆಸುವ ‘ಆಶಾ ಕಿರಣ್’ ಇದೆ. 2024ರ ಜುಲೈ ಒಂದೇ ತಿಂಗಳಲ್ಲಿ ಅಲ್ಲಿ ಹದಿನಾಲ್ಕು ಮಂದಿ ಸತ್ತ ಸುದ್ದಿ ಬಂದು ಹೈಕೋರ್ಟ್ ವಿಚಾರಣೆಗೆ ಎತ್ತಿಕೊಂಡಿತು. ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ತುಂಬಿದ್ದರು. ಮೆಟ್ರೊ ದಾರಿಯ ಐದು ಬೋರ್ಡುಗಳಿಗೂ ಆ ಕಟ್ಟಡಕ್ಕೂ ನಡುವೆ ಇರುವ ಅಂತರ ಕಿಲೋಮೀಟರಿನಲ್ಲಿ ಅಳೆಯುವಂಥದಲ್ಲ.

ವಿದೇಶದ ಮಾತೂ ಮನೆಯಲ್ಲಿ ಬಂತು, ಭಾವನಿಂದ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಪದವಿಯ ಮೇಲೆ ಸಾವಿರಾರು ಗಂಟೆ ಮೇಲ್ವಿಚಾರಣೆಯ ಕೆಲಸ ಮಾಡಿ ತೋರಿಸಬೇಕು. ಸಾಲ ತೀರುವಷ್ಟರಲ್ಲಿ ಥೆರಪಿಸ್ಟಿಗೇ ಥೆರಪಿ ಬೇಕಾದೀತು ಎಂದು ಭಾವನೇ ನಕ್ಕು ಬಿಟ್ಟರು.

ಈಗ ಅವಳ ನೋಟ್‌ಬುಕ್ಕಿನಲ್ಲಿ ಕಾಲಂಗಳು ಹೆಚ್ಚಿವೆ, ಕೋರ್ಸುಗಳು ನಾಲ್ಕಕ್ಕೆ ಇಳಿದಿವೆ. ಪ್ರತಿ ವಿಭಾಗಕ್ಕೂ ಫೋನ್ ಮಾಡಿ ಕೇಳುತ್ತಾಳೆ: ಎರಡು ವರ್ಷದಲ್ಲಿ ನಾನೇ ಕೂತು ಮಾತಾಡುವ ರೋಗಿಗಳು ಎಷ್ಟು? ನನ್ನ ಕೆಲಸ ನೋಡುವವರು ಯಾರು, ಅವರು ಇಂದಿಗೂ ರೋಗಿಗಳನ್ನು ನೋಡುತ್ತಾರಾ? ವಾರಕ್ಕೆ ಎಷ್ಟು ಗಂಟೆ? ಕಳೆದ ವರ್ಷ ಮುಗಿಸಿದ ಇಬ್ಬರ ನಂಬರು ಕೊಡುತ್ತೀರಾ? ಒಂದು ಕಡೆ ಫೋನೆತ್ತಿದವರು “ಅದೆಲ್ಲ ಅಡ್ಮಿಶನ್ ಆದಮೇಲೆ” ಎಂದು ಇಟ್ಟರು. ಅದಕ್ಕೂ ಅಡ್ಡಗೆರೆ ಬಿತ್ತು. ಇನ್ನೊಂದು ಕಡೆ ಪ್ರೊಫೆಸರರೇ ಫೋನು ತೆಗೆದುಕೊಂಡು ಇಪ್ಪತ್ತು ನಿಮಿಷ ಮಾತಾಡಿದರು. ಕಟ್ಟಡ ಹಳೆಯದು, ಹಾಸ್ಟೆಲು ಸಿಗುವುದು ಕಷ್ಟ ಎಂದೂ ಅವರೇ ಹೇಳಿದರಂತೆ.

ನಿನ್ನೆ ಸಂಜೆ ವಾರದ ಬಜಾರಿಗೆ ಹೋಗಿದ್ದೆವು. ಬೆಂಡೆಕಾಯಿ ತೂಗುತ್ತಿದ್ದ ಹೆಂಗಸು ತಕ್ಕಡಿ ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, “ಜೀ ಘಬರಾ ರಹಾ ಹೈ” ಎಂದು ಪಕ್ಕದವಳಿಗೆ ಹೇಳಿದಳು. ಇವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಇದು ಸಂಕಟಾನಾ, ಹೆದರಿಕೆನಾ ಚಿಕ್ಕಮ್ಮ?”

ನನಗೂ ತಿಳಿಯಲಿಲ್ಲ. “ಅವಳನ್ನೇ ಕೇಳು” ಅಂದೆ.